ಕೆತ್ತಿದವರ ಹೆಸರಿಲ್ಲದ ಕಲ್ಲಿನ ಆಸನ

ಮಾನ್ಯ ಸಂಪಾದಕರೇ,

ಕಲ್ಲಿನಲ್ಲಿ ಕೆತ್ತಿದ ಆಸನ, ಮೇಜು, ಪೀಠಗಳನ್ನು ಕುರಿತು ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬಂದ ಚಿತ್ರಲೇಖನವನ್ನು ಆಸಕ್ತಿಯಿಂದ ಓದಿದೆ. ಪ್ಲಾಸ್ಟಿಕ್ಕು ಮತ್ತು ಒತ್ತು ಹಲಗೆಗಳ ಕಾಲದಲ್ಲಿ ಕಲ್ಲಿನಂಥ ಹಟಮಾರಿ ವಸ್ತುವಿನ ಕಡೆಗೆ ವಿನ್ಯಾಸಕಾರರು ಮತ್ತೆ ಮುಖ ಮಾಡಿರುವುದು ಸಂತೋಷದ ಸಂಗತಿಯೇ. ಆದರೆ ಲೇಖನದ ಉದ್ದಕ್ಕೂ ‘ಆಚರಣೆಗಳಿಂದ ಪ್ರೇರಿತ’, ‘ಪಾರಂಪರಿಕ ಕುಶಲಕಲೆಯಿಂದ ಪ್ರೇರಿತ’ ಎಂಬ ಮಾತುಗಳು ಹಲವು ಬಾರಿ ಬಂದರೂ ಆ ಆಚರಣೆ ಯಾವುದು, ಆ ಕುಶಲಕಲೆ ಯಾರದು ಎಂಬ ಪ್ರಶ್ನೆಗೆ ಎಲ್ಲಿಯೂ ಉತ್ತರ ಸಿಗಲಿಲ್ಲವಾದ್ದರಿಂದ ಈ ಪತ್ರವನ್ನು ಬರೆಯಬೇಕಾಯಿತು.

ಈ ಕೊರತೆ ತಮ್ಮ ಲೇಖನವೊಂದರದ್ದೇ ಅಲ್ಲ. ಕೆಲವು ತಿಂಗಳ ಹಿಂದೆ ನಾನು ಇಂಥದೇ ವಸ್ತುಗಳ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಸಭಾಂಗಣದ ನಡುವೆ ಇಟ್ಟಿದ್ದ ಕರಿಗಲ್ಲಿನ ಆಸನವೊಂದು ನಿಜಕ್ಕೂ ಸೊಗಸಾಗಿತ್ತು; ಕೂರುವ ಭಾಗವನ್ನು ಕನ್ನಡಿಯಂತೆ ಉಜ್ಜಿ, ಬೆನ್ನಿನ ಭಾಗದಲ್ಲಿ ಮಾತ್ರ ಬಂಡೆಯ ಒರಟುತನವನ್ನೂ ಉಳಿಯ ಗೆರೆಗಳನ್ನೂ ಹಾಗೆಯೇ ಬಿಟ್ಟಿದ್ದರು. ಪಕ್ಕದ ಫಲಕದಲ್ಲಿ ವಿನ್ಯಾಸಕಾರರ ಹೆಸರು, ವರ್ಷ, ಅಳತೆ, ಅದರ ಕೆಳಗೆ ಮತ್ತದೇ ‘ಪ್ರಾಚೀನ ಆಚರಣೆಗಳಿಂದ ಪ್ರೇರಿತ’ ಎಂಬ ಸಾಲು. ಕಲ್ಲಿನ ವಿವರ ‘ನೈಸರ್ಗಿಕ ಶಿಲೆ’ ಎಂಬ ಎರಡು ಪದಗಳಲ್ಲಿ ಮುಗಿದಿತ್ತು; ಪುಸ್ತಕದ ಮುಖಪುಟದ ಮೇಲೆ ‘ಬರಹ’ ಎಂದಷ್ಟೇ ಅಚ್ಚು ಹಾಕಿದರೆ ಹೇಗಿರುತ್ತದೆಯೋ ಹಾಗೆ. ಕೆತ್ತಿದವರು ಯಾರೆಂದು ಕೇಳಿದಾಗ ‘ನಮ್ಮ ಕುಶಲಕರ್ಮಿಗಳ ತಂಡ’ ಎಂಬ ಉತ್ತರ ಬಂತು. ಒಮ್ಮೆ ಕೂತು ನೋಡಬಹುದೇ ಎಂದು ಕೇಳಿದ್ದಕ್ಕೆ ಕೂರುವಂತಿಲ್ಲ, ಮುಟ್ಟುವಂತೆಯೂ ಇಲ್ಲ ಎಂದರು. ಕೂರಲು ಬಾರದ ಆಸನ ಶಿಲ್ಪವಾಗಿರಬಹುದು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಅದಕ್ಕೆ ಆಚರಣೆಯ ಹೆಸರನ್ನು ಅಂಟಿಸುವುದು ಎಷ್ಟು ಸರಿ ಎಂಬ ಅನುಮಾನ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಪೀಠೋಪಕರಣ ಎಂಬ ನಮ್ಮ ಮಾತಿನಲ್ಲೇ ಪೀಠ ಎಂಬ ಪದ ಕೂತಿದೆ. ಪೀಠವೆಂದರೆ ಬರಿಯ ಕೂರುವ ವಸ್ತುವಲ್ಲ, ಒಂದು ಅಧಿಕಾರ, ಒಂದು ಸ್ಥಾನ, ಒಂದು ಕಟ್ಟುಪಾಡು. ಪೀಠವನ್ನೇರುವುದಕ್ಕೂ ಇಳಿಯುವುದಕ್ಕೂ ಕ್ರಮವಿರುತ್ತದೆ. ಕಲ್ಲಿನ ಆಸನಗಳ ಚರಿತ್ರೆಯನ್ನು ನೋಡಿದರೆ ಕಲ್ಲು ಆಚರಣೆಯ ವಸ್ತುವಾಗುವುದು ಅದರ ಮೇಲಿನ ಚಿತ್ತಾರದಿಂದಲ್ಲ, ಅದರ ಸುತ್ತ ಮನುಷ್ಯರು ಏನು ಮಾಡಿದರು ಎಂಬುದರಿಂದ ಎಂಬುದು ಮತ್ತೆ ಮತ್ತೆ ಕಾಣುತ್ತದೆ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಸ್ಕಾರಾ ಬ್ರೇ ಎಂಬ ನವಶಿಲಾಯುಗದ ನೆಲೆಯೊಂದಿದೆ. 1850ರ ಬಿರುಗಾಳಿಯೊಂದು ಮರಳನ್ನು ಹಾರಿಸಿದಾಗ ಹೊರಬಿದ್ದ ಈ ಮನೆಗಳಲ್ಲಿ ಸುಮಾರು 5000 ವರ್ಷಗಳಷ್ಟು ಹಳೆಯ ಕಲ್ಲಿನ ಮಂಚದ ಚೌಕಟ್ಟುಗಳು, ಗೂಡುಗಳು, ಬಾಗಿಲಿಗೆ ಎದುರಾಗಿ ನಿಲ್ಲಿಸಿದ ಎರಡು ಅಂತಸ್ತಿನ ಕಲ್ಲಿನ ಕಪಾಟುಗಳು ಇವತ್ತಿಗೂ ಇವೆ. ಅಲ್ಲಿ ಮರಗಳು ವಿರಳ. ಸಿಗುವ ಕಲ್ಲೋ ಹಾಳೆ ಹಾಳೆಯಾಗಿ ಬಿಡುವ ಹಾಸುಗಲ್ಲು. ಮರದಲ್ಲಿ ಮಾಡಬೇಕಾದದ್ದನ್ನು ಅವರು ಕಲ್ಲಿನಲ್ಲಿ ಮಾಡಿಕೊಂಡರು, ಅಷ್ಟೇ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲೇ ಕಪಾಟನ್ನು ನಿಲ್ಲಿಸಿದ್ದರಿಂದ ಅದಕ್ಕೆ ಪಾತ್ರೆಪಗಡ ಇಡುವುದಕ್ಕಿಂತ ಹೆಚ್ಚಿನ ಮಹತ್ವವಿತ್ತೇ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಅಗತ್ಯ ಎಲ್ಲಿ ಮುಗಿಯಿತು, ಆಚರಣೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆ ಕಲ್ಲುಗಳು ಬಿಡುವುದಿಲ್ಲ.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಮಧ್ಯ ಅಮೆರಿಕದ ಕೋಸ್ಟರಿಕದ್ದು. ಅಲ್ಲಿಯ ಜನ ಮೆಕ್ಕೆಜೋಳ ಅರೆಯಲು ಬಳಸುತ್ತಿದ್ದ ಕಾಲುಳ್ಳ ಕಲ್ಲಿಗೆ ಮೆಟಾಟೆ ಎಂದು ಹೆಸರು. ಕ್ರಿ.ಶ. ಮೊದಲ ಐದು ಶತಮಾನಗಳಲ್ಲಿ ಇದೇ ಅರೆಯುವ ಕಲ್ಲಿನ ರೂಪವನ್ನು ಹಿಡಿದು ಅಲ್ಲಿನ ಕಲ್ಲುಕುಟಿಗರು ಮಾಡಿದ ವೈಭವದ ಮೆಟಾಟೆಗಳಲ್ಲಿ ಮೂರು ಕಾಲು, ಮೇಲೊಂದು ತೆಳುವಾದ ಬಾಗಿದ ಹಲಗೆ, ಕೆಳಗೆ ಗಾಳಿಯಲ್ಲಿ ತೇಲುವಂತೆ ಕಾಣುವ ಇನ್ನೊಂದು ಹಲಗೆ, ಅದರ ಮೇಲೆ ಪಕ್ಷಿ, ಜಾಗ್ವಾರ್, ಮೊಸಳೆ, ಮನುಷ್ಯರ ಆಕೃತಿಗಳು ಇರುತ್ತವೆ. ಇಷ್ಟೆಲ್ಲವೂ ಜ್ವಾಲಾಮುಖಿ ಶಿಲೆಯ ಒಂದೇ ತುಂಡಿನಿಂದ, ಲೋಹದ ಒಂದು ಉಪಕರಣವೂ ಇಲ್ಲದೆ, ಕಲ್ಲಿನಿಂದ ಕಲ್ಲನ್ನು ಕುಟ್ಟಿ, ಮರಳಿನಿಂದ ಉಜ್ಜಿ ಬಿಡಿಸಿದ್ದು. ಇವು ದೊಡ್ಡವರ ಸಮಾಧಿಗಳಲ್ಲಿ ಸಿಕ್ಕಿವೆ, ಆಸನಗಳಾಗಿಯೂ ಬಳಕೆಯಾಗಿರಬಹುದೆಂಬ ಅಭಿಪ್ರಾಯವಿದೆ. ಇಲ್ಲಿ ನಾನು ಗಮನಿಸುವುದು ಇಷ್ಟು: ದಿನವೂ ಕಾಳು ಅರೆದು ಬದುಕನ್ನು ನಡೆಸುತ್ತಿದ್ದ ಕಲ್ಲಿಗೇ ಅವರು ಗೌರವದ ರೂಪ ಕೊಟ್ಟರು. ಅಲಂಕಾರ ಎಷ್ಟೇ ಬೆಳೆದರೂ ಕಾಲು ಮೂರೇ ಉಳಿದವು, ಅರೆಯುವ ಮೈಯ ಬಾಗು ಉಳಿಯಿತು. ಆಚರಣೆಯಿಂದ ಪ್ರೇರಣೆ ಪಡೆಯುವುದೆಂದರೆ ಹೀಗೆ, ಕೆಲಸದ ನೆನಪನ್ನು ಕಲ್ಲಿನೊಳಗೆ ಉಳಿಸಿಕೊಳ್ಳುವುದು ಎಂದು ನಾನು ತಿಳಿಯುತ್ತೇನೆ.

ಇಂಡೊನೇಷ್ಯದ ನಿಯಾಸ್ ದ್ವೀಪದಲ್ಲಿ ಪ್ರಾಣಿಯ ತಲೆ ಮತ್ತು ಬಾಲವುಳ್ಳ ‘ಓಸಾ ಓಸಾ’ ಎಂಬ ಕಲ್ಲಿನ ಆಸನಗಳಿವೆ. ಊರಿನ ಪ್ರಮುಖರು ಭಾರೀ ಔತಣ ಏರ್ಪಡಿಸಿ ತಮ್ಮ ಅಂತಸ್ತನ್ನು ಏರಿಸಿಕೊಳ್ಳುವ ಸಂದರ್ಭಗಳಿಗೆ ಇವು ಸೇರಿದವು. ಅದೇ ದ್ವೀಪದಲ್ಲಿ ಬೃಹತ್ ಶಿಲೆಯೊಂದನ್ನು ಮರದ ಜಾರುಗಾಡಿಯ ಮೇಲಿಟ್ಟು ನೂರಾರು ಜನ ಹಗ್ಗ ಹಿಡಿದು ಎಳೆಯುತ್ತಿರುವ ದೃಶ್ಯ 1915ರ ಸುಮಾರಿನ ಛಾಯಾಚಿತ್ರವೊಂದರಲ್ಲಿ ಉಳಿದಿದೆ. ಆ ಚಿತ್ರವನ್ನು ನೋಡಿದವರಿಗೆ ಕಲ್ಲನ್ನು ತಂದ ಶ್ರಮವೂ ಆಚರಣೆಯ ಒಂದು ಭಾಗವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಈಕ್ವೆಡಾರಿನ ಕರಾವಳಿಯ ಮಂತೇನ್ಯೊ ಜನರ ಕಲ್ಲಿನ ಆಸನಗಳಲ್ಲಿ ಕುಕ್ಕರಗಾಲಲ್ಲಿ ಕೂತ ಮನುಷ್ಯನೋ ಮೃಗವೋ ಅರ್ಧಚಂದ್ರದಂತೆ ಬಾಗಿದ ಆಸನವನ್ನು ಬೆನ್ನ ಮೇಲೆ ಹೊತ್ತಿರುತ್ತದೆ. ಭಾರವನ್ನು ಯಾರು ಹೊರುತ್ತಾರೆ ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಇವುಗಳಿಗೆ ತದ್ವಿರುದ್ಧವಾಗಿ ಜರ್ಮನಿಯ ಆಕೆನ್ ಪ್ರಧಾನ ಚರ್ಚಿನಲ್ಲಿರುವ, ಮಧ್ಯಯುಗದ ಚಕ್ರವರ್ತಿ ಶಾರ್ಲಮೇನನ ಸಿಂಹಾಸನದಲ್ಲಿ ಕೆತ್ತನೆಯೆಂಬುದೇ ಇಲ್ಲ. ಆರು ಮೆಟ್ಟಿಲುಗಳ ಮೇಲೆ ನಾಲ್ಕು ಬೋಳು ಅಮೃತಶಿಲೆಯ ಹಲಗೆಗಳನ್ನು ಕಂಚಿನ ಪಟ್ಟಿಗಳಿಂದ ಬಿಗಿದಿದ್ದಾರೆ. ಹಲಗೆಯೊಂದರ ಮೇಲೆ ನಮ್ಮ ಸಾಲುಮನೆ ಆಟದಂಥದೇ ಆಟದ ಮನೆಯನ್ನು ಹಿಂದೆಂದೋ ಯಾರೋ ಗೀಚಿದ ಗುರುತಿದೆ. ಅಂದರೆ ಸಿಂಹಾಸನವಾಗುವ ಮೊದಲು ಆ ಕಲ್ಲು ಎಲ್ಲೋ ನೆಲಹಾಸಾಗಿದ್ದಿರಬೇಕು. ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚಿನಿಂದ ಬಂದ ಕಲ್ಲುಗಳಿವು ಎಂಬ ನಂಬಿಕೆಯೇ ಅವುಗಳ ಅಲಂಕಾರ. 936ರಿಂದ 1531ರವರೆಗೆ ಜರ್ಮನ್ ಅರಸರ ಪಟ್ಟಾಭಿಷೇಕ ಈ ಚರ್ಚಿನಲ್ಲಿ ನಡೆಯಿತು. ಗೀಚಿದ ಆಟದ ಮನೆಯನ್ನು ಯಾರೂ ಉಜ್ಜಿ ಅಳಿಸಲಿಲ್ಲ ಎಂಬ ವಿವರ ನನಗೆ ಇಡೀ ಸಿಂಹಾಸನಕ್ಕಿಂತ ಹೆಚ್ಚು ಇಷ್ಟ.

ಆಚರಣೆ ಕಲ್ಲಿಗೆ ರೂಪ ಕೊಡುವಂತೆಯೇ ಕಲ್ಲು ಮೈಗೂ ರೂಪ ಕೊಡುತ್ತದೆ. ಜಪಾನಿನ ಚಹಾಗೃಹಗಳ ತೋಟದಲ್ಲಿ ಕೈ ಬಾಯಿ ತೊಳೆಯಲು ಇಡುವ ತಗ್ಗಾದ ಕಲ್ಲಿನ ತೊಟ್ಟಿಗೆ ‘ತ್ಸುಕುಬಾಯ್’ ಎನ್ನುತ್ತಾರೆ. ಕುಕ್ಕರಿಸುವುದು ಎಂಬ ಅರ್ಥದ ಕ್ರಿಯಾಪದದಿಂದ ಬಂದ ಹೆಸರು ಅದು. ಎಂಥ ಗಣ್ಯನಾದರೂ ಅದರ ಮುಂದೆ ಬಗ್ಗಲೇಬೇಕು, ಏಕೆಂದರೆ ತೊಟ್ಟಿಯನ್ನು ಬೇಕೆಂದೇ ಅಷ್ಟು ತಗ್ಗಿನಲ್ಲಿ ಇಟ್ಟಿರುತ್ತಾರೆ. ಒಂದು ಅಕ್ಷರವನ್ನೂ ಚಿತ್ರವನ್ನೂ ಕೆತ್ತದೆ, ಬರಿಯ ಎತ್ತರವನ್ನು ನಿರ್ಧರಿಸುವುದರಿಂದಲೇ ವಿನಯವನ್ನು ಕಲಿಸಿದ ಈ ಬುದ್ಧಿವಂತಿಕೆಯ ಎದುರು, ದೇವಾಲಯದ ಕಂಬವೊಂದರ ಸುತ್ತುಗಳನ್ನು ಮೇಜಿನ ಕಾಲಿಗೆ ನಕಲು ಮಾಡಿ ‘ಪ್ರೇರಣೆ’ ಎನ್ನುವುದು ತೀರ ಸುಲಭದ ದಾರಿಯಾಗಿ ನನಗೆ ಕಾಣುತ್ತದೆ.

ಇನ್ನು ಕುಶಲಕಲೆಯ ಮಾತು. ಕಲ್ಲಿನ ಕೆಲಸ ಉಳಿ ಹಿಡಿಯುವುದಕ್ಕಿಂತ ಬಹಳ ಮೊದಲೇ, ಕಲ್ಲನ್ನು ಆರಿಸುವಾಗಲೇ ಆರಂಭವಾಗುತ್ತದೆ. ಸುತ್ತಿಗೆಯಿಂದ ತಟ್ಟಿ ನಾದವನ್ನು ಕೇಳಿ ಕಲ್ಲಿನ ಒಳಗಿನ ಬಿರುಕನ್ನು ಹೇಳುವುದು ಲೋಕದ ಎಲ್ಲ ಕಲ್ಲುಕುಟಿಗರಿಗೂ ಗೊತ್ತಿರುವ ವಿದ್ಯೆ. ನಮ್ಮ ಶಿಲ್ಪಶಾಸ್ತ್ರಗಳು ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸಿದವು. ಮೂರ್ತಿಗೆ ಒಂದು, ಪೀಠಕ್ಕೆ ಒಂದು, ಅಡಿಗಲ್ಲಿಗೆ ಇನ್ನೊಂದು. ಆ ಹೆಸರುಗಳನ್ನು ಇಂದು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಪೀಠಕ್ಕೆ ಬೇಕಾದ ಕಲ್ಲಿನ ಗುಣವೇ ಬೇರೆ ಎಂದು ಗುರುತಿಸಿ ಅದನ್ನು ನಿಯಮವಾಗಿಸಿದ ತಿಳಿವಳಿಕೆ ಹಗುರವಾದದ್ದಲ್ಲ. ‘ನೈಸರ್ಗಿಕ ಶಿಲೆ’ ಎಂಬ ಎರಡು ಪದಗಳು ಮುಚ್ಚಿಹಾಕುವುದು ಇದನ್ನೇ.

ಕೂರುವ ವಸ್ತುವಿಗೆ ಕಲ್ಲಿನ ಸ್ವಭಾವ ಇನ್ನೂ ಒಂದು ಸವಾಲನ್ನು ಒಡ್ಡುತ್ತದೆ. ಕಲ್ಲು ಒತ್ತಡವನ್ನು ಅಪಾರವಾಗಿ ತಡೆಯುತ್ತದೆ, ಎಳೆತವನ್ನು ಮಾತ್ರ ತಡೆಯಲಾರದು. ಎಳೆತದಲ್ಲಿ ಅದರ ಶಕ್ತಿ ಒತ್ತಡದಲ್ಲಿರುವುದರ ಹತ್ತನೇ ಒಂದು ಪಾಲಿನಷ್ಟೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಎರಡು ಕಾಲುಗಳ ಮೇಲೆ ಉದ್ದನೆಯ ಹಾಸುಗಲ್ಲನ್ನಿಟ್ಟು ನಡುವೆ ಕೂತರೆ ಹಲಗೆಯ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಹಿಗ್ಗಲು ನೋಡುತ್ತದೆ, ಬಿರುಕು ಬಿಡುವುದು ಆ ತಳದಿಂದಲೇ. ಆದ್ದರಿಂದಲೇ ಹಳೆಯ ಕಲ್ಲಿನ ಆಸನಗಳಲ್ಲಿ ಹೆಚ್ಚಿನವು ಗಿಡ್ಡ, ದಪ್ಪ, ಕಾಲುಗಳು ಹತ್ತಿರ ಹತ್ತಿರ. ನಮಗೆ ಗಾಂಭೀರ್ಯವಾಗಿ ಕಾಣುವ ಆ ರೂಪ ಕಲ್ಲಿನ ದೌರ್ಬಲ್ಯದಿಂದ ಹುಟ್ಟಿದ್ದು. ಮರಳುಗಲ್ಲಿನಂಥ ಪದರಶಿಲೆಯಾದರೆ ಪದರ ಯಾವ ದಿಕ್ಕಿಗೆ ಹರಿದಿದೆ ಎಂದು ನೋಡದೆ ಕಡಿದರೆ ಕೆಲವೇ ಮಳೆಗಾಲಗಳಲ್ಲಿ ಮೇಲಿನ ಪದರ ಏಳತೊಡಗುತ್ತದೆ. ಗ್ರಾನೈಟಿನ ಒಂದು ಘನ ಮೀಟರು ಸುಮಾರು 2.7 ಟನ್ ತೂಗುವುದರಿಂದ ಅರ್ಧ ಮೀಟರು ಉದ್ದಗಲ, 45 ಸೆಂಟಿಮೀಟರು ಎತ್ತರದ ಗಟ್ಟಿ ಪೀಠವೊಂದರ ತೂಕ 300 ಕಿಲೋಗ್ರಾಮಿನಷ್ಟಾಗುತ್ತದೆ. ಇಂಥದ್ದನ್ನು ಒಮ್ಮೆ ಇಟ್ಟರೆ ಇಟ್ಟ ಹಾಗೆ. ಕುರ್ಚಿಯಂತೆ ಅದು ಮನುಷ್ಯನ ಹಿಂದೆ ಬರುವುದಿಲ್ಲ, ಮನುಷ್ಯನೇ ಅದರ ಬಳಿಗೆ ಹೋಗಬೇಕು. ಅದರ ಆಚರಣಾಗುಣದ ಬಹುಪಾಲು ಈ ಕದಲದಿರುವಿಕೆಯಲ್ಲೇ ಇದೆ ಎಂದರೆ ತಪ್ಪಾಗಲಾರದು.

ಆಧುನಿಕ ಕಲಾವಿದರು ಇದನ್ನು ಅರಿಯದವರೇನಲ್ಲ, ಆದಕಾರಣ ಹಳೆಯದೆಲ್ಲ ಚಿನ್ನ ಎಂಬುದು ನನ್ನ ವಾದವಲ್ಲ. ರೊಮೇನಿಯಾದ ತರ್ಗು ಜಿಯು ಪಟ್ಟಣದಲ್ಲಿ ಶಿಲ್ಪಿ ಬ್ರಾಂಕೂಸಿ 1938ರಲ್ಲಿ ಮುಗಿಸಿದ ಮೊದಲ ಮಹಾಯುದ್ಧದ ಸ್ಮಾರಕದಲ್ಲಿ ‘ಮೌನದ ಮೇಜು’ ಎಂಬ ದುಂಡನೆಯ ಕಲ್ಲಿನ ಮೇಜೂ ಅದರ ಸುತ್ತ ಮರಳುಗಡಿಯಾರದ ಆಕಾರದ 12 ಕಲ್ಲಿನ ಪೀಠಗಳೂ ಇವೆ. ಪೀಠಗಳು ಮೇಜಿನಿಂದ ದೂರ ಸರಿದಿರುವುದರಿಂದ ಅಲ್ಲಿ ಕೂತು ಊಟ ಮಾಡಲಾಗದು. ಬಾರದವರಿಗಾಗಿ ಹಾಕಿದ ಪಂಕ್ತಿಯಂತೆ ಅದು ಕಾಣುತ್ತದೆ. ಯಾವ ನಿರ್ದಿಷ್ಟ ಆಚರಣೆಯನ್ನೂ ಹೆಸರಿಸದೆ ಊಟದ ಪಂಕ್ತಿಯೆಂಬ ಎಲ್ಲರ ಅನುಭವವನ್ನೇ ಅವನು ಬಳಸಿಕೊಂಡ. ಅಮೆರಿಕದ ಸ್ಕಾಟ್ ಬರ್ಟನ್ 1980ರ ಸುಮಾರಿಗೆ ಮಾಡಿದ ಬಂಡೆಯ ಕುರ್ಚಿಗಳಲ್ಲಿ ಇರುವುದು ಒಂದು ಗುಂಡುಬಂಡೆ ಮತ್ತು ಲಂಬಕೋನದಲ್ಲಿ ಸೇರುವ ಎರಡು ಕೊಯ್ತ, ಒಂದು ಕೂರಲು, ಒಂದು ಒರಗಲು. ಉಳಿದದ್ದೆಲ್ಲ ಬಂಡೆ ಬಂಡೆಯಾಗಿಯೇ ಇದೆ. ಇಟಲಿಯ ಆಂಜೆಲೊ ಮಾಂಜರೊಟ್ಟಿ 1971ರಲ್ಲಿ ರೂಪಿಸಿದ ‘ಎರೋಸ್’ ಮೇಜುಗಳಲ್ಲಿ ಶಂಕುವಿನಾಕಾರದ ಕಾಲು ಮೇಲಿನ ಹಲಗೆಯ ರಂಧ್ರದಲ್ಲಿ ಕೂತು, ಅಂಟು ಮೊಳೆಗಳ ಹಂಗಿಲ್ಲದೆ, ಕಲ್ಲಿನ ತೂಕದಿಂದಲೇ ಬಿಗಿಯಾಗುತ್ತದೆ. ಮೂವರೂ ಕಲ್ಲಿಗೆ ವೇಷ ಹಾಕಲಿಲ್ಲ, ಕಲ್ಲು ಏನು ಮಾಡಬಲ್ಲದೋ ಅದನ್ನು ಅದರಿಂದ ಮಾಡಿಸಿದರು.

ಹೆಸರಿನ ಪ್ರಶ್ನೆಗೆ ಬಂದರೆ ಜಪಾನಿ ಮೂಲದ ಅಮೆರಿಕನ್ ಶಿಲ್ಪಿ ಇಸಾಮು ನೊಗುಚಿಯ ನಡವಳಿಕೆ ನೆನಪಿಡುವಂಥದ್ದು. ಜಪಾನಿನ ಶಿಕೊಕು ದ್ವೀಪದ ಮುರೆ ಎಂಬಲ್ಲಿ, ತಲೆಮಾರುಗಳಿಂದ ಕಲ್ಲು ಕಡಿಯುತ್ತಿದ್ದವರ ನಡುವೆ ನೆಲೆಸಿ, ಕಲ್ಲುಕುಟಿಗರ ಮನೆತನದ ಮಸತೋಶಿ ಇಜುಮಿಯೊಡನೆ 1960ರ ದಶಕದಿಂದ 1988ರಲ್ಲಿ ತಾನು ತೀರಿಕೊಳ್ಳುವವರೆಗೂ ಆತ ಕೆಲಸ ಮಾಡಿದ. ನೊಗುಚಿಯ ಕೊನೆಯ ದಶಕಗಳ ಕಲ್ಲಿನ ಕೃತಿಗಳ ಬಗ್ಗೆ ಬರೆಯುವವರು ಇಜುಮಿಯ ಹೆಸರನ್ನು ಬಿಟ್ಟು ಬರೆಯಲಾರರು, ಮತ್ತು ಇದರಿಂದ ನೊಗುಚಿಯ ಹಿರಿಮೆಗೆ ಕುಂದೇನೂ ಬಂದಿಲ್ಲ. ಗ್ರೀಸಿನ ಟಿನೊಸ್ ದ್ವೀಪದ ಅಮೃತಶಿಲೆಯ ಕುಶಲಕಲೆಯನ್ನು 2015ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದರೆ ವಸ್ತುವಿಗಿಂತ ಹೆಚ್ಚಾಗಿ ಆ ಕೈಗಳಲ್ಲಿ, ಗಣಿಯ ಪದರಗಳ ಪರಿಚಯದಲ್ಲಿ, ಗುರುವಿನಿಂದ ಶಿಷ್ಯರಿಗೆ ಹರಿಯುವ ತಿಳಿವಳಿಕೆಯಲ್ಲಿ ಪರಂಪರೆ ಇದೆ ಎಂದು ಲೋಕ ಒಪ್ಪಿಕೊಂಡಿದೆ. ಹಾಗಿರುವಾಗ ‘ಪಾರಂಪರಿಕ ಕುಶಲಕಲೆ’ ಎಂದು ಬರೆದು ಕುಶಲಿಯನ್ನೇ ಬಿಟ್ಟುಬಿಡುವುದು ಹೇಗೆ ಸಾಧ್ಯ?

ಯಂತ್ರಗಳ ಬಗ್ಗೆ ನನಗೆ ಮಡಿವಂತಿಕೆಯಿಲ್ಲ. ವಜ್ರದ ಗರಗಸ, ಗಣಕಯಂತ್ರದ ಆಣತಿಯಂತೆ ಕಡಿಯುವ ಯಂತ್ರ ಎಲ್ಲವೂ ಇಂದು ಕಲ್ಲಿನ ಕೆಲಸದಲ್ಲಿ ಇದ್ದೇ ಇವೆ, ಇರಲಿ. ತಿಂಗಳುಗಟ್ಟಲೆ ನಡೆಯುತ್ತಿದ್ದ ಒರಟು ಕೆಲಸ ದಿನಗಳಲ್ಲಿ ಮುಗಿಯುವುದು ಕುಟಿಗರ ಬೆನ್ನುಮೂಳೆಗೆ ಒಳ್ಳೆಯದೇ. ಆದರೆ ಯಂತ್ರ ಕಡಿದುಕೊಟ್ಟ ಮೈಮೇಲೆ ಆಮೇಲೆ ಬೇಕೆಂದೇ ನಾಲ್ಕು ಉಳಿಯ ಗೆರೆ ಎಳೆದು ಅದನ್ನು ಕೈಕೆಲಸವೆಂದು ತೋರಿಸುವುದಿದೆಯಲ್ಲ, ಅದು ಮೋಸ. ಉಳಿಯ ಗುರುತು ಅಲಂಕಾರವಾಗಿ ಹುಟ್ಟಿದ್ದಲ್ಲ. ಕೆಲಸ ಯಾವ ಕಡೆಯಿಂದ ಬಂತು, ಕೈ ಎಲ್ಲಿ ನಿಂತಿತು ಎಂಬುದರ ದಾಖಲೆ ಅದು.

ಹೆಸರಿನ ಜೊತೆಗೆ ಇನ್ನೊಂದು ವಿಷಯವೂ ಮರೆಯಾಗುತ್ತದೆ, ಅದು ದೂಳು. ಗ್ರಾನೈಟಿನ ಖನಿಜಗಳಲ್ಲಿ ಐದನೇ ಒಂದು ಪಾಲಿಗೂ ಹೆಚ್ಚು ಕ್ವಾರ್ಟ್ಜ್, ಎಂದರೆ ಹರಳಿನ ರೂಪದ ಸಿಲಿಕಾ, ಇರುತ್ತದೆ, ಮರಳುಗಲ್ಲಿನಲ್ಲಿ ಸಾಮಾನ್ಯವಾಗಿ ಇನ್ನೂ ಹೆಚ್ಚು. ಒಣ ಕಲ್ಲನ್ನು ಯಂತ್ರದಿಂದ ಕೊಯ್ದು ಉಜ್ಜುವಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಸಿಲಿಕೋಸಿಸ್ ಎಂಬ ಕಾಯಿಲೆಯನ್ನು ತರುತ್ತವೆ. ಒಮ್ಮೆ ಗಾಯಗೊಂಡು ಗಡುಸಾದ ಶ್ವಾಸಕೋಶ ಮತ್ತೆ ಮೊದಲಿನಂತಾಗುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಈ ದೂಳನ್ನು ಕ್ಯಾನ್ಸರ್‌ಕಾರಕವೆಂದು ಪಟ್ಟಿ ಮಾಡಿದೆ. ಕಲ್ಲಿನ ಪುಡಿಗೆ ರಾಳ ಬೆರೆಸಿ ತಯಾರಿಸುವ ಕೃತಕ ಶಿಲೆಯಲ್ಲಿ ಸಿಲಿಕಾ 90 ಪ್ರತಿಶತವನ್ನು ಮೀರುವುದುಂಟು. ಅದನ್ನು ಕೊಯ್ಯುತ್ತಿದ್ದ ಕಾರ್ಮಿಕರು ಎಳೆಯ ವಯಸ್ಸಿನಲ್ಲೇ ಹಾಸಿಗೆ ಹಿಡಿದದ್ದನ್ನು ಕಂಡ ಆಸ್ಟ್ರೇಲಿಯ 2024ರ ಜುಲೈ 1ರಿಂದ ಅದನ್ನು ನಿಷೇಧಿಸಿತು. ನೀರು ಹಾಯಿಸುತ್ತಾ ಕೊಯ್ಯುವುದು, ದೂಳನ್ನು ಅಲ್ಲಲ್ಲೇ ಹೀರುವ ಕೊಳವೆ, ಸರಿಯಾದ ಮುಖಗವಸು, ಇಷ್ಟಿದ್ದರೆ ಅಪಾಯ ಬಹಳಷ್ಟು ತಗ್ಗುತ್ತದೆ. ಧ್ಯಾನ, ಮೌನ, ಪಾವಿತ್ರ್ಯ ಎಂದೆಲ್ಲ ವರ್ಣಿಸಲಾಗುವ ಆಸನವೊಂದನ್ನು ದೂಳಿನ ಮೋಡದಲ್ಲಿ ಬರಿಯ ಬಟ್ಟೆ ಸುತ್ತಿಕೊಂಡ ಮೂಗಿನವರು ಕೆತ್ತಿದ್ದರೆ ಆ ವರ್ಣನೆಯನ್ನು ಓದುವುದೇ ಕಷ್ಟವಾಗುತ್ತದೆ.

ಆದ್ದರಿಂದ ತಮ್ಮಲ್ಲಿ ಒಂದು ಸಣ್ಣ ವಿನಂತಿ. ಇಂಥ ವಸ್ತುಗಳ ಚಿತ್ರವನ್ನು ಮುಂದೆ ಪ್ರಕಟಿಸುವಾಗ ಆ ಕಲ್ಲು ಯಾವುದು, ಯಾವ ಗಣಿಯದು, ಯಾವ ಭಾಗವನ್ನು ಯಂತ್ರ ಮಾಡಿತು, ಯಾವ ಭಾಗವನ್ನು ಕೈ ಮಾಡಿತು ಎಂದು ತಮ್ಮ ವರದಿಗಾರರು ಕೇಳಿ ಬರೆಯಲಿ. ಆಚರಣೆಯ ಮಾತು ಬಂದರೆ ಯಾವ ಜನರ ಯಾವ ಆಚರಣೆ ಎಂದು ಕೇಳಲಿ; ಉತ್ತರ ಸಿಗದಿದ್ದರೆ ಆ ಪದವನ್ನೇ ಕೈಬಿಡಲಿ, ಅದರಿಂದ ಚೆಲುವಾದ ಆಸನದ ಚೆಲುವೇನೂ ಕಡಿಮೆಯಾಗದು. ಮತ್ತು ಸಾಧ್ಯವಾದರೆ ಒಮ್ಮೆ ಅದರ ಮೇಲೆ ಕೂತು ನೋಡಿ ಬರೆಯಲಿ. ಚಿತ್ರದ ಕೆಳಗೆ ಛಾಯಾಗ್ರಾಹಕರ ಹೆಸರನ್ನು ತಾವು ಎಂದೂ ತಪ್ಪದೆ ಅಚ್ಚು ಮಾಡುತ್ತೀರಿ. ಅದರ ಪಕ್ಕದಲ್ಲಿ, ಅಷ್ಟೇ ಗಾತ್ರದ ಅಕ್ಷರಗಳಲ್ಲಿ, ಕೆತ್ತಿದವರ ಹೆಸರಿಗೂ ಜಾಗ ಮಾಡಿಕೊಡಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ